ಒಂದು ಲಕ್ಷದ ಮೂರು ಹಣತೆ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಹಿಂದೆ ಸರಿಯಿರಿ. ಬೆನ್ನು ನೆಟ್ಟಗಿರಲಿ. ಕೂತಿರಾ? ಹಾಗಾದರೆ ಕೇಳಿ.

ಯಾವುದೋ ಕಾಲ, ಹೆಸರಿಲ್ಲದ ನಾಡು. ಅಲ್ಲಿ ಮದುವೆಗೆ ಮುಂಚೆ ಒಂದು ಪದ್ಧತಿ. ಗಂಡಿನ ತಾಯಿ ಹಣತೆ ಕೊಡಬೇಕು, ಹೆಣ್ಣು ಅವನ್ನು ಸಮಸಾಲಾಗಿ ಜೋಡಿಸಬೇಕು. ಸಾಲು ಕೂಡಿತೋ, ಅತ್ತೆಯೇ ಕೈಯಾರೆ ಒಂದೊಂದು ಹಣತೆಗೂ ಎಣ್ಣೆ ಎರೆಯಬೇಕು. ಒಂದೇ ಒಂದು ಮಿಕ್ಕಿತೋ, ಮದುವೆ ಮುರಿಯಿತು.

ಆ ನಾಡಿನ ರಾಣಿ ಹೊನ್ನಲದೇವಿ. ಮಗ ಬಮ್ಮರಸ ಪಕ್ಕದ ಪಾಳೆಯಗಾರನ ಮಗಳು ನಾಗಲೆಯನ್ನು ಮೆಚ್ಚಿದ್ದ. ರಾಣಿಗೋ ತನ್ನ ಅಣ್ಣನ ಮಗಳನ್ನೇ ತರುವ ಆಸೆ. "ಆ ಪಾಳೆಯಗಾರನ ಹೊಸಿಲು ಸತ್ತರೂ ತುಳಿಯೆ!" ಎಂದಿದ್ದಳು. ಸುಮ್ಮನಿರುತ್ತಾಳೆಯೇ? ಆಸ್ಥಾನದ ಶಾಸ್ತ್ರಿಯನ್ನು ಗುಟ್ಟಾಗಿ ಕರೆಸಿ, "ಹೇಗೆ ಭಾಗಿಸಿದರೂ ಮಿಗುವ ದೊಡ್ಡ ಸಂಖ್ಯೆ ಕೊಡಿ" ಎಂದಳು. ಶಾಸ್ತ್ರಿ ಗುಣಿಸಿ, ಭಾಗಿಸಿ, ಬೆವರಿ ಹುಡುಕಿಕೊಟ್ಟ: ಒಂದು ಲಕ್ಷದ ಮೂರು!

ಅರಮನೆಯ ಬಯಲೆಲ್ಲ ಹಣತೆ. ನಾಗಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಗೆಳತಿಯರನ್ನು ಕರೆದಳು.

ಸಾಲಿಗೆ ಮೂರರಂತೆ ಇಟ್ಟಳು. ಒಂದು ಮಿಕ್ಕಿತು.

ಸಾಲಿಗೆ ಏಳರಂತೆ ಇಟ್ಟಳು. ಮತ್ತೆ ಒಂದು ಮಿಕ್ಕಿತು.

ಸಾಲಿಗೆ ಹನ್ನೊಂದರಂತೆ ಇಟ್ಟಳು. ಈ ಸಲ ಎರಡು!

"ಅಯ್ಯೋ ಪಾಪ, ಬರಬರುತ್ತಾ ಹೆಚ್ಚುತ್ತಿದೆಯಲ್ಲ ತಾಯಿ," ರಾಣಿ ಲೊಚಗುಟ್ಟಿದಳು. "ಗಾಡಿ ಕಟ್ಟಿಸಲೇನಮ್ಮಾ?"

ಕಂಬದ ಹತ್ತಿರ ಬಮ್ಮರಸನ ಮುಖ ಸಣ್ಣದಾಗಿತ್ತು. ನಾಗಲೆ ಮಿಕ್ಕ ಹಣತೆಯೊಂದನ್ನು ಕೈಯಲ್ಲಿ ತಿರುಗಿಸಿದಳು. ಭಾಗ ಮಾಡಿದರೆ ತಾನೇ ಮಿಗುವುದು? ಭಾಗವನ್ನೇ ಮಾಡದಿದ್ದರೆ?

ಅವಳು ಅದನ್ನು ಅರಮನೆಯ ಹೊಸಿಲ ಮೇಲಿಟ್ಟಳು. ಗೇಣು ಬಿಟ್ಟು ಇನ್ನೊಂದು. ಗೇಣು ಬಿಟ್ಟು ಮತ್ತೊಂದು.

"ಇದೇನು ಆಟ?"

"ಸಾಲು, ಮಹಾರಾಣಿಯವರೇ."

"ಸಾಲಿಗೆ ಎಷ್ಟು?"

"ಅಷ್ಟೂ."

ರಾಣಿ ಗಕ್ಕನೆ ಶಾಸ್ತ್ರಿಯ ಕಡೆ ತಿರುಗಿದಳು. ಶಾಸ್ತ್ರಿ ಉಗುಳು ನುಂಗಿದ. "ತಾಯಿ, ಒಂದು ಸಾಲೂ ಸಾಲೇ. ಇದೊಂದನ್ನು ನೀವು ಕೇಳಿರಲಿಲ್ಲ."

ಸಾಲು ಹೊರಟಿತು ನೋಡಿ! ಪೇಟೆ ದಾಟಿತು, ಕೆರೆ ಏರಿ ದಾಟಿತು, ಗುಡ್ಡ ಬಳಸಿತು. ಯಾವ ದಿಕ್ಕಿಗೆ ಹೋಗಲಿ ಎಂದು ನಾಗಲೆ ಯಾರನ್ನೂ ಕೇಳಲಿಲ್ಲ.

ಇನ್ನು ಎಣ್ಣೆ ಎರೆಯುವವರು ಯಾರು? ನೀವೇ ಹೇಳಿ!

ರಾಣಿ ಬಗ್ಗಿದಳು, ಎರೆದಳು, ಎದ್ದಳು. ಬಗ್ಗಿದಳು, ಎರೆದಳು, ಎದ್ದಳು. ಹಗಲ ಮೇಲೆ ಹಗಲು ಹೋಯಿತು. ಪಕ್ಕದಲ್ಲಿ ಕೊಡೆ ಹಿಡಿದ ನಾಗಲೆ, "ಅತ್ತೆ, ಹಿಂದೆ ಒಂದು ಬಿಟ್ಟಿರಿ" ಎನ್ನುತ್ತಿದ್ದಳು.

ಕೊನೆಯ ಹಣತೆ ಎಲ್ಲಿತ್ತು ಗೊತ್ತೇ? ಪಾಳೆಯಗಾರನ ಮನೆಯೊಳಗೆ, ಹೊಸಿಲಿನಿಂದ ಒಂದು ಗೇಣು ಒಳಕ್ಕೆ. ನಾಗಲೆಯ ತಾಯಿ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು.

"ಒಳಗೆ ಬರ್ತೀರಾ ಬೀಗಿತ್ತಿ, ಇಲ್ಲಾ ಹಣತೇನೇ ಆಚೆ ತರಲಾ?"

ರಾಣಿ ಹೊಸಿಲು ನೋಡಿದಳು, ಹಣತೆ ನೋಡಿದಳು, ಮಜ್ಜಿಗೆ ನೋಡಿದಳು. ಸೊಂಟ ಹಿಡಿದುಕೊಂಡು ದಾಟಿಯೇಬಿಟ್ಟಳು.

"ಮೊದಲು ಮಣೆ ಹಾಕ್ರಿ!"

ಅಲ್ಲಿ ಹಣತೆ ಹತ್ತಿತು, ಇಲ್ಲಿ ನನ್ನ ಕಥೆ ಆರಿತು. ಏಳಿ, ಮನೆಗೆ ಹೊರಡಿ. ನೂಕಾಟ ಬೇಡ. ಒಂದೇ ಸಾಲು!