ಸತ್ತವನನ್ನು ಎಬ್ಬಿಸಿದ ನಂಬರು

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತಿದ್ದ ಕಾಳಿನ ವ್ಯಾಪಾರಿ ಕರಿಬಸಪ್ಪನ ಕೈಯಲ್ಲಿ ಪೇಪರಿತ್ತು, ಕಿವಿ ಮಾತ್ರ ಪಕ್ಕದ ಬೆಂಚಿನ ಇಬ್ಬರು ಕಾಲೇಜು ಹುಡುಗಿಯರ ಕಡೆಗಿತ್ತು.

“ಏ ರಂಜಿತಾ, ಪ್ರಾಜೆಕ್ಟ್ ಏನಾತು? ಮೊದ್ಲ ಅದನ್ನ ಹೇಳು.”

“ಕ್ಲಾಸಿಗೇ ಫಸ್ಟು, ಹೇಮಾ! ಸರ್ ಬೋರ್ಡಿನ ಮ್ಯಾಲೆ ಬರೆದಿದ್ದ ತಮ್ಮ ಡೇಟಾ ಮಾಡೆಲ್ ತಾವ ಅಳಿಸಿದ್ರು.”

“ಹೆಸರು, ತಂದಿ ಹೆಸರು ಎರಡಿದ್ರ ಮನುಷ್ಯಾನ್ನ ಗುರುತಿಸಾಕ ಸಾಕು ಅಂತಿದ್ರಲ್ಲ?”

“ನಮ್ಮೂರು ಮರಳಿಯಾಗ ರೈತರ ಸೊಸೈಟಿ ಕಂಪ್ಯೂಟರಿಗೂ ಅದ ಲೆಕ್ಕ. ನಮ್ಮಜ್ಜ ಯಂಕೋಬ, ಅವನ ಅಪ್ಪ ಗೋವಿಂದರಾಜ. ಅಜ್ಜನ ಹೆಸರು ಮೊಮ್ಮಗಗ ಇಡೋದು ನಮ್ಮ ಮನಿ ಪದ್ಧತಿ. ಹಂಗಾಗಿ ನಮ್ಮಣ್ಣನೂ ಯಂಕೋಬ, ನಮ್ಮಪ್ಪನೂ ಗೋವಿಂದರಾಜ.”

“ಅಂದ್ರ ಕಂಪ್ಯೂಟರಿಗೆ ಇಬ್ರೂ ಒಬ್ಬನ!”

“ಹೂಂ. ಅಜ್ಜ ತೀರಿಕೊಂಡಾನಂತ ಬರೆಸಿದ್ವಿ, ಅಣ್ಣನೂ ಸತ್ತ. ಭತ್ತ ಕೊಯ್ಯೋ ಮಷಿನ್ನಿನ ಪಾಳಿ ಪಟ್ಟಿಯಾಗ ಅವನ ಹೆಸರ ಇರ್ಲಿಲ್ಲ.”

ಕರಿಬಸಪ್ಪ ಮೆಲ್ಲಗೆ ಪೇಪರ್ ಮಡಚಿದ. ಅವನ ಅಜ್ಜನೂ ಕರಿಬಸಪ್ಪನೇ.

“ಸರ್‌ಗೆ ಏನಂದಿ?”

“ಅಣ್ಣನ್ನ ಕ್ಲಾಸಿಗೆ ಕರಕೊಂಡು ಹೋದೆ. ‘ಸರ್, ಸತ್ತಾವ ಇವನ ನೋಡ್ರಿ’ ಅಂದೆ. ಸರ್ ನಕ್ಕೋತ ಚಾಕ್‌ಪೀಸ್ ನನ್ನ ಕೈಗೇ ಕೊಟ್ರು. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಹಾಕಿ ತೋರಿಸಿದೆ. ಸೊಸೈಟಿಯವರೂ ಹಂಗ ತಿದ್ಯಾರ. ನಾಳೆ ನಮ್ಮ ಗದ್ದಿಗೆ ಮಷಿನ್ ಬರ್ತೈತಿ!”

“ಮುಂದ ನಿಮ್ಮಣ್ಣನ ಮೊಮ್ಮಗಗೂ ಯಂಕೋಬ ಅಂತ ಇಟ್ರ?”

ಗಂಗಾವತಿ ಬಸ್ಸು ಬಂತು. ರಂಜಿತಾ ಚೀಲವನ್ನು ಹೆಗಲಿಗೇರಿಸಿ ಓಡಿದಳು.

“ಇಡಲಿ ಬಿಡು, ಅವಂಗೂ ಹೊಸ ನಂಬರ್ ಕೊಡ್ತೀನಿ. ಇನ್ಮ್ಯಾಲೆ ನಮ್ಮೂರಾಗ ಒಬ್ಬರ ಸಾವು ಇನ್ನೊಬ್ಬರು ಸಾಯಂಗಿಲ್ಲ!”