ಅನಂತಮತಿ ಅಡಿಗೆಯವಳಲ್ಲ

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಮೂಡಬಿದಿರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಈಗ ಸನ್ಮಾನಕ್ಕೆ ಕುಳಿತಿರುವ ಶ್ರೀ ಜಯರಾಜ ಇಂದ್ರರೇ, ಗುರುವಾಯನಕೆರೆಯ ಈ ವಾಚನಾಲಯದ ಕಿಟಿಕಿಯವರೆಗೂ ಇಕ್ಕಟ್ಟಾಗಿ ಕುಳಿತ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಬರೆದು ತಂದ ಕಾಗದ ಬೆವರಿಗೆ ಒದ್ದೆಯಾಗಿದೆ. ಮೈಕ್ ನಡುವೆ ಕೆಟ್ಟರೆ? ಚಹಾ ಸಾಲದೆ ಹೋದರೆ? ಮನೆಯಾಕೆ ಸೇಸಮ್ಮ ಬೆಳಗ್ಗೆಯೇ ಹೇಳಿದ್ದಾಳೆ: "ನೀವು ಜಾಸ್ತಿ ಮಾತಾಡ್ಲಿಕ್ಕೆ ಹೋಗ್ಬೇಡಿ. ನಮಸ್ಕಾರ ಹೇಳಿ ಇಳೀರಿ." ಅವಳ ಮಾತು ಕೇಳಬೇಕಿತ್ತು.

ನನಗೆ ವಹಿಸಿದ ಕೆಲಸ ಚಿಕ್ಕದು. ಇಂದ್ರರು ಐದು ವರ್ಷದ ಹಿಂದೆ, ಅರುವತ್ತೊಂದರಲ್ಲಿ, ಬಾನುಲಿಗೆ ಬರೆದ 'ಕೆಂಪು ಗ್ರಹದ ದಾರಿ' ಎಂಬ ಧಾರಾವಾಹಿಯ ಕಥೆಯನ್ನು, ಒಬ್ಬ ಅಭಿಮಾನಿಯಾಗಿ, ನಾಲ್ಕು ಮಾತಿನಲ್ಲಿ ಹೇಳುವುದು. ಆಗ ಪಂಚಾಯತಿನ ರೇಡಿಯೋ ಇದೇ ಜಗಲಿಯಲ್ಲಿತ್ತು. ಅದರ ಪೆಟ್ಟಿಗೆಯ ಕೀಲಿ ನನ್ನ ಬಳಿ ಇತ್ತು. ಹದಿಮೂರು ಗುರುವಾರ ಸಂಜೆ ನಲ್ವತ್ತು ಜನ ಸೇರುತ್ತಿದ್ದರು. ರೇಡಿಯೋದ್ದು ಪುಸ್ತಕದ ಕನ್ನಡ, ನಮ್ಮದು ತುಳು. ಪ್ರತಿ ಮಾತಿಗೂ "ದಾನೆ ಪಂಡೆರ್, ದಾನೆ ಪಂಡೆರ್" ಎಂದು ಎಲ್ಲರೂ ಕೇಳುವವರು. ಏನು ಹೇಳಿದರೆಂದು ತುಳುವಿನಲ್ಲಿ ಬಿಡಿಸಿ ಹೇಳುವವನು ನಾನು.

ನನ್ನ ಓದು ನಾಲ್ಕನೆಯ ತರಗತಿ. ಮನೆಯಲ್ಲಿ ಸಿಡುಬು ಬಂತು, ಶಾಲೆ ನಿಂತಿತು. ಮೂರು ತಿಂಗಳು ಬಿಟ್ಟು ಹೋದಾಗ ಮಾಸ್ತರರು ನನ್ನ ಹೆಸರು ಹೊಡೆದುಹಾಕಿದ್ದರು. ಅಂಥವನನ್ನು ನಲ್ವತ್ತು ಜನ ಬಾಯಿ ನೋಡುತ್ತ ಕೇಳಿದರೆ ಹೇಗಾಗುತ್ತದೆ, ನೀವೇ ಹೇಳಿ. 'ಗುರುತ್ವಾಕರ್ಷಣೆ' ಎಂದರೆ ಏನೆಂದು ತಿಳಿಯದೆ 'ಮಣ್ಣಿನ ಆಸೆ' ಎಂದುಬಿಟ್ಟೆ. ಇಂದ್ರರು ನಗುತ್ತಿದ್ದಾರೆ. ನಗಿ ಸ್ವಾಮೀ, ಮುಂದಿನದಕ್ಕೆ ನಗಲಾರಿರಿ.

ಮೊದಲ ವಾರವೇ ಒಂದು ಹೆಣ್ಣುದನಿ ಬಂತು: "ಎಲ್ಲರೂ ನಿಮ್ಮ ನಿಮ್ಮ ಜಾಗದಲ್ಲಿ ಕುಳಿತುಕೊಳ್ಳಿ." ಅದು ಅನಂತಮತಿ, ಆಕಾಶನೌಕೆಯ ಕಪ್ತಾನಳು. ಯಾರು, ಏನಂತೆ ಎಂದು ಜಗಲಿಯೆಲ್ಲ ಕೇಳಿತು. ಗಂಡಸರ ಮೇಲೆ ಹೆಂಗಸು ಯಜಮಾನಿ ಎಂದರೆ ಇವರು ನಗುವುದಿಲ್ಲವೆ? ರೇಡಿಯೋ ಹೆಂಗಸರನ್ನು ಹಾಳು ಮಾಡುತ್ತದೆ ಎಂದು ಯಾರಾದರೂ ದೂರು ಕೊಟ್ಟರೆ? ಕೀಲಿ ಹೋದರೆ?

"ಅಡಿಗೆಯವಳು," ಎಂದೆ. "ಊಟಕ್ಕೆ ಕೂತ್ಕೊಳ್ಳಿ ಅಂತ ಹೇಳಿದ್ದು."

ಆಮೇಲೆ ಬಿಡಿಸಿಕೊಳ್ಳುವುದು ಹೇಗೆ? ಅವಳು ಇಂಧನ ಅರ್ಧಕ್ಕೆ ಬಂತು ಎಂದರೆ ನಾನು ಅಕ್ಕಿ ಅರ್ಧಕ್ಕೆ ಬಂತು ಎಂದೆ. ಎಡಕ್ಕೆ ತಿರುಗಿಸಿ ಎಂದರೆ ಗಂಜಿ ತಿರುಗಿಸಿ ಎಂದೆ. ಆ ನೌಕೆಯಲ್ಲಿ ಹದಿಮೂರು ವಾರ ಊಟ ಮುಗಿಯಲೇ ಇಲ್ಲ. ಕಪ್ತಾನ ಎಲ್ಲಿ ಎಂದು ಕೇಳಿದವರಿಗೆ ಅವರದು ಮಾತು ಕಡಿಮೆ ಎಂದೆ.

ಮೂರನೆಯ ವಾರ ಧರ್ಣಪ್ಪಣ್ಣನ ಮಗಳು ಲೋಲಾಕ್ಷಿ ಕೈ ಎತ್ತಿದಳು. ಏಳನೆಯ ತರಗತಿಯ ಹುಡುಗಿ, ಶಾಲೆಯಲ್ಲಿ ಎತ್ತುವ ಹಾಗೆಯೇ ಎತ್ತಿದಳು. "ಸುಬ್ಬಪ್ಪಣ್ಣ, ಅವಳು ಅಡಿಗೆಯವಳಲ್ಲ. ಅವಳೇ ಕಪ್ತಾನ. ಈಗ ಹೇಳಿದ್ಳಲ್ಲ!"

"ಕೀಲಿ ಯಾರ ಹತ್ರ ಉಂಟು? ನಿನ್ನ ಹತ್ರವಾ, ನನ್ನ ಹತ್ರವಾ?" ಎಂದೆ. ಜಗಲಿ ಬಿದ್ದು ನಕ್ಕಿತು. ಅವಳು ಮತ್ತೂ ಪ್ರತಿ ಗುರುವಾರ ಕೈ ಎತ್ತಿದಳು. ನಾನು ಆ ಕಡೆ ನೋಡಲಿಲ್ಲ.

ಇನ್ನು ಇಂದ್ರರ ಹತ್ತಿರ ನನ್ನದೊಂದು ತಕರಾರಿತ್ತು. ಕೊನೆಯ ವಾರ ನೌಕೆ ದಾರಿ ತಪ್ಪಿತು. ಉಲ್ಕೆ ಬಡಿಯಿತು ಎಂದು ಬರೆದಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಆದರೆ ಇವರು ಅನಂತಮತಿಯ ಬಾಯಿಯಲ್ಲಿ, ಎಲ್ಲರೂ ಕೇಳುವಂತೆ, "ದಾರಿ ತಪ್ಪಿಸಿದವಳು ನಾನು" ಎಂದು ಹೇಳಿಸಿದರು. ಕಪ್ತಾನಳಾದವಳು ಹಾಗೆ ಹೇಳುತ್ತಾಳೆಯೆ? ಮರ್ಯಾದೆ ಉಳಿಯುತ್ತದೆಯೆ? ನಾನು ತುಳುವಿನಲ್ಲಿ ಉಲ್ಕೆಯನ್ನೇ ಬಡಿಸಿದೆ. ಅಡಿಗೆಯವಳು ಅತ್ತಳು ಎಂದೆ. ಇಂದ್ರರ ಕಥೆಯನ್ನು ತಿದ್ದಿದೆ ಎಂದು ಹೆಮ್ಮೆಪಟ್ಟೆ.

ಮೇ ತಿಂಗಳಲ್ಲಿ ಕಥೆ ಮುಗಿಯಿತು. ಜೂನಿನಲ್ಲಿ ಧರ್ಣಪ್ಪಣ್ಣ ಬಂದ.

"ಸುಬ್ಬಪ್ಪ, ಹುಡುಗಿ ಬೆಳ್ತಂಗಡಿಯ ಹೈಸ್ಕೂಲಿಗೆ ಹೋಗ್ತೇನೆ ಅಂತ ಹಠ ಮಾರಾಯ. ಕಲ್ತ್ರೆ ಹೆಂಗಸ್ರೂ ಆಕಾಶದಲ್ಲಿ ಹಡಗು ನಡೆಸ್ತಾರೆ, ರೇಡಿಯೋದಲ್ಲೇ ಬಂತು ಅಂತಾಳೆ. ಹೌದಾ? ನೀನು ಹೌದು ಅಂದ್ರೆ ಕಳಿಸ್ತೇನೆ."

ಒಂದೇ ಮಾತು ಬೇಕಾಗಿತ್ತು, ಸಭಿಕರೇ. ಹೌದು ಎಂದರೆ ಹದಿಮೂರು ವಾರದ ಗಂಜಿ ಹೊರಗೆ ಬೀಳುತ್ತದಲ್ಲ ಎಂಬ ಹೆದರಿಕೆ ನನಗೆ.

"ಇಲ್ಲಪ್ಪ. ಅಡಿಗೆಯವಳೇ," ಎಂದೆ.

"ಹಾಗಾದ್ರೆ ಸುಳ್ಳು ಹೇಳ್ಲಿಕ್ಕೆ ಕಲ್ತದ್ದೇ ಸಾಕು," ಎಂದು ಹೊರಟುಹೋದ. ಅವಳ ಶಾಲೆ ಅಲ್ಲಿಗೆ ಮುಗಿಯಿತು. ಇವತ್ತಿಗೂ ಅವಳು ಬೀಡಿ ಕಟ್ಟುತ್ತಾಳೆ. ನನ್ನ ಹೆಸರು ಹೊಡೆದುಹಾಕಿದ್ದು ಮಾಸ್ತರರು. ಅವಳ ಹೆಸರು ಹೊಡೆದುಹಾಕಿದ್ದು ನಾನು.

ಇಂದ್ರರೇ, ನಿಮ್ಮ ಕಥೆಯ ಆ ಜಾಗ ನನಗೆ ಅರ್ಥವಾಗಲು ಐದು ವರ್ಷ ಬೇಕಾಯಿತು. ಅನಂತಮತಿ ಬಾಯಿ ಬಿಡದಿದ್ದರೆ ಉಳಿದವರು ತಪ್ಪು ದಾರಿಯನ್ನೇ ನಂಬಿ ಕುಳಿತಿರುತ್ತಿದ್ದರು. ಅವಳು ಹೇಳಿದ ಮೇಲೆಯೇ ಅಲ್ಲವೆ ಅವರು ಹೊಸದಾಗಿ ದಾರಿ ಹುಡುಕಿದ್ದು? ನೀವು ಬರೆದದ್ದೇ ಸರಿ. ನಾನು ತಿದ್ದಿದ್ದು ತಪ್ಪು.

ಧರ್ಣಪ್ಪಣ್ಣ, ಎದ್ದು ಹೋಗಬೇಡ. ಒಂದು ನಿಮಿಷ ಕೂತ್ಕೋ. ದಾರಿ ತಪ್ಪಿಸಿದವನು ನಾನು. ಅವಳು ಕಪ್ತಾನಳೇ. ನಿನ್ನ ಮಗಳು ಸುಳ್ಳು ಹೇಳಿರಲಿಲ್ಲ.

ಲೋಲಾಕ್ಷೀ, ಕಿಟಿಕಿಯ ಹತ್ತಿರ ನೀನು ಕೂತದ್ದು ಕಾಣುತ್ತದೆ. ಈ ಕಥೆ ಸರಿಯಾಗಿ ಗೊತ್ತಿರುವುದು ಇಲ್ಲಿ ಬರೆದವರಿಗೆ ಮತ್ತು ನಿನಗೆ. ಬಾ ಮಗಾ, ಮೈಕ್ ಇಲ್ಲುಂಟು. ನೀನು ಹೇಳು.

ಬೇಡವಾ?

ತಲೆ ಅಲ್ಲಾಡಿಸುತ್ತಿದ್ದಾಳೆ, ಸಭಿಕರೇ. ಪ್ರತಿ ಗುರುವಾರ ಎತ್ತಿದ ಕೈ ಈಗ ಮಡಿಲಿನಿಂದ ಏಳುವುದಿಲ್ಲ. ಇರಲಿ. ಒತ್ತಾಯ ಮಾಡಲು ನಾನು ಯಾರು?

ಕಥೆ ಹೇಳುವ ಕೆಲಸ ನನ್ನಿಂದ ಆಗಲಿಲ್ಲ, ಅಧ್ಯಕ್ಷರು ಮನ್ನಿಸಬೇಕು. ಕೇಳಿದ ನಿಮಗೆಲ್ಲ ಉಪಕಾರ. ಮೈಕಿನ ಅಬ್ದುಲ್ ಶುಕೂರ್ ಅವರಿಗೂ ಉಪಕಾರ. ಇದು ಕೆಟ್ಟುಹೋಗಲಿ ಎಂದು ನಡುವೆ ನಾಲ್ಕು ಸಲ ಆಸೆಪಟ್ಟೆ. ಕೆಡಲಿಲ್ಲ. ನಾನು ಇಳಿದ ಮೇಲೂ ಸ್ವಲ್ಪ ಹೊತ್ತು ಇದನ್ನು ಆರಿಸಬೇಡಿ ಶುಕೂರ್. ಅವಳ ಮನಸ್ಸು ಬದಲಾದರೆ ಇರಲಿ.

ಎಲ್ಲರಿಗೂ ನಮಸ್ಕಾರ.