ಎರಡು ಬೆರಳು ಕಮ್ಮಿ

ಬಾವಿ ಇನ್ನೂ ಹತ್ತು ಮಾರು ದೂರ ಇತ್ತು. ಆಗ ನವನೀತನಿಗೆ ಕೇಳಿಸಿತು... ಣಿಂಗ್.

ಗಾಜಿಗೆ ಗಾಜು ತಾಗಿದ ಸದ್ದು. ಇಬ್ಬರು ಕುಡಿಯೋಕೆ ಕೂತಾಗ ಮೊದಲ ಗುಟುಕಿಗೆ ಮುಂಚೆ ತಾಗಿಸುತ್ತಾರಲ್ಲ, ಅದೇ. ಅವನು ನಿಂತ. ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡ. ಜೇಬಲ್ಲಿ ಇದ್ದದ್ದು ಒಂದೇ ಗ್ಲಾಸು. ಒಂಟಿ ಗ್ಲಾಸು ಯಾವುದಕ್ಕೆ ತಾಗಿ ಸದ್ದು ಮಾಡುತ್ತೆ, ನೀವೇ ಹೇಳಿ.

ನಗೋರು ಈಗಲೇ ಎದ್ದು ಹೋಗಿ ಮಲಗಿ.

ನವನೀತನ್ ನನ್ನ ಚಿಕ್ಕಪ್ಪನ ಮಗ. ಅವಿನಾಶಿ ಪಕ್ಕದ ಊರಿನವನು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದವನು, ಒಂದು ಊರಲ್ಲಿ ಒಂದು ತಿಂಗಳು ನಿಂತವನಲ್ಲ. ಆದರೆ ಆ ದೀಪಾವಳಿ ರಜೆಗೆ ಅಲ್ಲೇ ಇದ್ದೆ. ಇದರಲ್ಲಿ ಅರ್ಧ ನಾನೇ ಕಂಡದ್ದು. ಉಳಿದರ್ಧ ಅವನು ನನ್ನ ಕೈ ಹಿಡಿದುಕೊಂಡು ಹೇಳಿದ್ದು. ಅವನ ಕೈ ಐಸಿನ ಹಾಗೆ ಇತ್ತು.

ಅದಕ್ಕೆ ಮೂರು ವರ್ಷ ಮೊದಲು ನವನೀತನ್ ಕುಡಿದು ರಸ್ತೆಯಲ್ಲಿ ಬಿದ್ದಿರುತ್ತಿದ್ದ. ಹೆಂಡತಿ ತಮಿಳ್‌ಸೆಲ್ವಿ ಅವನನ್ನು ಗುಡಿಗೆ ಎಳಕೊಂಡು ಹೋಗಿ ಕಯಿರು ಕಟ್ಟಿಸಿದಳು. ನಮ್ಮ ಕಡೆ ಕುಡಿತ ಬಿಡೋರು ಪೂಜಾರಿ ಕೈಯಿಂದ ಮಣಿಕಟ್ಟಿಗೆ ಕಟ್ಟಿಸಿಕೊಳ್ಳೋ ಕಪ್ಪು ದಾರ ಅದು.

"ಇನ್ನೊಂದು ಹನಿ ಬಾಯಿಗೆ ಹೋದರೆ ಇಲಕ್ಕಿಯಾನ ಕರಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಆಮೇಲೆ ಮಗಳ ಮುಖ ಫೋಟೋದಲ್ಲಿ ನೋಡ್ಕೋ" ಅಂದಿದ್ದಳು. ಹೇಳಿದರೆ ಮಾಡುವ ಹೆಂಗಸು. ಆ ದೀಪಾವಳಿಗೆ ಇಲಕ್ಕಿಯಾಗೆ ಎಂಟು ವರ್ಷ. ಅವನ ಜೀವ ಇದ್ದದ್ದೇ ಆ ಮಗುವಿನ ಮೇಲೆ. ಮೂರು ವರ್ಷ ಅವನು ಒಂದು ಹನಿ ಮುಟ್ಟಲಿಲ್ಲ.

ಅವಳ ಕಟ್ಟಪ್ಪಣೆ ಇನ್ನೊಂದು ಇತ್ತು. ಮನೆಯೊಳಗೆ ಬಾಟಲಿ ಬರಬಾರದು. ಸತ್ತವರಿಗೂ ಇಲ್ಲ. ಚಿಕ್ಕಪ್ಪ ಸುಬ್ಬಯ್ಯನ್ ತೀರಿಕೊಂಡ ಮೇಲೆ ವರ್ಷಾ ವರ್ಷಾ ಎಡೆ ಇಡುವಾಗ ಬಾಳೆಲೆ ಪಕ್ಕ ಒಂದು ಕ್ವಾರ್ಟರ್ ಇಡುತ್ತಿದ್ದರು. ಕಯಿರು ಕಟ್ಟಿಸಿದ ಮೇಲೆ ಚಿಕ್ಕಪ್ಪನಿಗೆ ಕಾಫಿ. ಅಪ್ಪ ಬಾಯಿ ಒಣಗಿಸಿಕೊಂಡು ವಾಪಸ್ ಹೋಗ್ತಾನೆ ಅಂತ ನವನೀತನಿಗೆ ಒಳಗೊಳಗೇ ಕೊರಗು.

ರಜೆಗೆ ತಮಿಳ್‌ಸೆಲ್ವಿಯ ಅಣ್ಣ ಧನಪಾಲ್ ಕುರಿಚಿಯಿಂದ ಕಾರಲ್ಲಿ ಬಂದ. ಉಕ್ಕಡಂನಲ್ಲಿ ಮೀನು ವ್ಯಾಪಾರ. ಬಾಯಿ ತೆರೆದರೆ ಚುಚ್ಚು ಮಾತು.

"ಊಟಿ ಸಾಕಾಯ್ತು. ಈ ಸಲ ವಿಸ್ಕಿ ಫ್ಯಾಕ್ಟರಿ. ಟೂರು ಅಂತ ಒಳಗೆ ಬಿಡ್ತಾರೆ ಈಗ" ಅಂದು ಫೋನು ಹಿಡಿದ. ಎರಡು ಜಾಗ. ಒಂದು ಪಾಲಕ್ಕಾಡ್ ರಸ್ತೆಯಲ್ಲಿ, ಹೊಸದು. ಗಾಜಿನ ಗೋಡೆ, ಏಸಿ, ಮಧ್ಯಾಹ್ನಕ್ಕೆ ಬಿರಿಯಾನಿ. ಇನ್ನೊಂದು ಮೆಟ್ಟುಪಾಳ್ಯಂ ದಾಟಿ ಬೆಟ್ಟದ ಬುಡದಲ್ಲಿ, ಹಳೇದು. ಊಟ ಇಲ್ಲ. ಆದರೆ ಪೀಪಾಯಿ ಕೋಣೆಯೊಳಗೇ ಬಿಡುತ್ತಾರೆ, ಪೀಪಾಯಿಯಿಂದಲೇ ಹಿಡಿದು ಕೊಡುತ್ತಾರೆ. ಹೆಸರು ನಾನು ಹೇಳಲ್ಲ.

"ಮಾಪ್ಳೆ, ನೀನೇ ಆರಿಸು. ಕುಡಿಯದವನು ಆರಿಸಿದರೆ ಜಗಳ ಇರಲ್ಲ" ಅಂದ ಧನಪಾಲ್. ತಂಗಿ ಗಂಡನನ್ನು ಅವನು ಮಾಪ್ಳೆ ಅಂತಲೇ ಕರೆಯೋದು.

"ಹಳೇದು." ನವನೀತನ್ ಯೋಚನೆಯೇ ಮಾಡಲಿಲ್ಲ.

"ಬಿರಿಯಾನಿ ಬಿಟ್ಟಾ? ತಲೆ ಸರಿ ಇದೆಯಾ?"

"ಅಪ್ಪ ಅಲ್ಲಿ ಹನ್ನೊಂದು ವರ್ಷ ಪೀಪಾಯಿ ಉರುಳಿಸಿದ್ದ ಬಾವ. ನಾನು ಒಂದು ಸಲಾನೂ ಒಳಗೆ ಹೋಗಿಲ್ಲ."

"ನಿಮ್ಮಪ್ಪ ಕುಡಿಯೋಕೆ ಕಲಿತ ಸ್ಕೂಲು ನೋಡಬೇಕಾ? ಸರಿ ನಡಿ. ನಿನ್ನ ಕಯಿರು ಎಷ್ಟು ಗಟ್ಟಿ ಅಂತ ನಾನೂ ನೋಡ್ತೀನಿ."

ಅಡಿಗೆ ಕೋಣೆಯಿಂದ ತಮಿಳ್‌ಸೆಲ್ವಿ ಮುಖ ಕೂಡ ತೋರಿಸಲಿಲ್ಲ. "ಹೋಗಲಿ. ಬಂದ ತಕ್ಷಣ ನನ್ನ ಮುಖಕ್ಕೆ ಊದಬೇಕು. ಅಷ್ಟೇ."

ಕಾರು ನಾನು ಓಡಿಸಿದೆ. ಸುಣ್ಣ ಬಳಿದ ಹಳೇ ಕಟ್ಟಡ. ಟಿಕೆಟ್ ಜೊತೆ ಆಳಿಗೊಂದು ಚಿಕ್ಕ ಗ್ಲಾಸು ಕೊಟ್ಟರು, ಮನೆಗೆ ತಗೊಂಡು ಹೋಗೋಕೆ. ಗೈಡ್ ಹುಡುಗಿ ಪೀಪಾಯಿ ಕೋಣೆ ಬಾಗಿಲು ತೆಗೆದಳು. ಒಳಗೆ ತಂಪು, ಕತ್ತಲೆ, ಕೊಳೆತ ಹಣ್ಣಿನ ವಾಸನೆ.

"ಎಷ್ಟೇ ಬಿಗಿಯಾಗಿ ಮುಚ್ಚಿದರೂ ಪೀಪಾಯಿ ಒಳಗಿನದು ವರ್ಷಾ ವರ್ಷಾ ಇಳಿಯುತ್ತೆ. ಹಾಗೆ ಹೋದದ್ದು ದೇವತೆಗಳ ಪಾಲು ಅಂತಾರೆ" ಅಂದಳು.

"ದೇವತೆಗಳಿಗೆ ಬಿಲ್ ಇಲ್ವಾಮ್ಮಾ?" ಧನಪಾಲ್ ಕೇಳಿದ. ಎಲ್ಲ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮುದುಕ ವಾಚ್‌ಮನ್ ನಗಲಿಲ್ಲ.

ಎಲ್ಲರ ಗ್ಲಾಸಿಗೂ ಎರಡೆರಡು ಬೆರಳು ಹಾಕಿದರು. ನಾನು ನನ್ನದನ್ನು ಧನಪಾಲನಿಗೆ ಕೊಟ್ಟೆ. ನವನೀತನ್ ತನ್ನದನ್ನು ಹಿಡಿದುಕೊಂಡೇ ಇದ್ದ. ಗುಂಪು ಮುಂದೆ ಹೋಯಿತು. ಅವನು ಹಿಂದೆ ಉಳಿದ.

ಎಡೆಗೆ ಒಂದು ಕ್ರಮ ಇದೆ. ಸತ್ತವರಿಗೆ ಇಷ್ಟವಾದದ್ದು ಇಟ್ಟು, ಕರೆದು, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತು ಬಿಟ್ಟು ಹೊರಗಿಂದ ಮೂರು ಸಲ ತಟ್ಟಿ ಒಳಗೆ ಹೋಗಬೇಕು. ಇದೆಲ್ಲ ನಮ್ಮ ಮನೆಯಲ್ಲಿ, ನಮ್ಮ ಹೊಸ್ತಿಲ ಒಳಗೆ. ಕಂಡವರ ಜಾಗದಲ್ಲಿ ಯಾರೂ ಎಡೆ ಇಡಲ್ಲ. ಅಲ್ಲಿ ಯಾರು ಹಸಿದು ಕೂತಿರುತ್ತಾರೋ ಯಾರಿಗೆ ಗೊತ್ತು.

ನವನೀತನ್ ಇಟ್ಟ. ಒಂದು ಪೀಪಾಯಿ ಮುಂದೆ ಗ್ಲಾಸು ಇಟ್ಟು, "ಬಾ... ಬಂದು ಕುಡಿ" ಅಂತ ಮೆಲ್ಲಗೆ ಕರೆದ. ಹೆಸರು ಹೇಳಲಿಲ್ಲ. ಅಪ್ಪನನ್ನು ಮಗ ಹೆಸರು ಹಿಡಿದು ಕರೀತಾನಾ? ಬಾಗಿಲು ಎಳೆದುಕೊಂಡು ಹೊರಗೆ ನಿಂತ. ತಟ್ಟೋಕೆ ಕೈ ಎತ್ತಿದ.

ಒಳಗಿಂದ ತಟ್ಟಿದರು.

ಧಬ್... ಧಬ್... ಧಬ್.

ಬಾಗಿಲು ಮರದ್ದು. ಸದ್ದು ಮಾತ್ರ ದಪ್ಪ ತಗಡು ಬಡಿದ ಹಾಗೆ. ಯಾರೋ ಕೆಲಸದವನು ಅಂದುಕೊಂಡು ತೆಗೆದ. ಯಾರೂ ಇಲ್ಲ. ಗ್ಲಾಸಲ್ಲಿ ತೊಟ್ಟೂ ಇಲ್ಲ, ತಳ ಒಣಗಿತ್ತು. ಅಪ್ಪ ಬಂದ ಅಂತ ಅವನಿಗೆ ಕಣ್ಣು ತುಂಬಿತು. ಗ್ಲಾಸನ್ನು ಜೇಬಿಗೆ ಹಾಕಿಕೊಂಡ.

ವಾಪಸ್ ಬರುವಾಗ ಕಾರೊಳಗೆ ವಾಸನೆ ಏರಿತು. ಅಣ್ಣೂರು ದಾಟಿದ ಮೇಲೆ ಧನಪಾಲ್ ಮೂಗು ಮುಚ್ಚಿಕೊಂಡ.

"ಥೂ! ನಾನು ಎರಡು ಗ್ಲಾಸು ಕುಡಿದವನು. ನನಗಿಂತ ನೀನು ನಾರ್ತಾ ಇದ್ದೀಯ. ಒಬ್ಬನೇ ಹಿಂದೆ ಉಳಿದದ್ದು ಇದಕ್ಕಾ?"

"ಮಗಳ ಮೇಲೆ ಆಣೆ ಬಾವ, ನಾನು—"

"ನನ್ನ ತಂಗಿ ಮಗಳ ಮೇಲೆ ಆಣೆ ಹಾಕ್ತೀಯಾ, ನಾಯಿ? ಇಳಿ ಕೆಳಗೆ!"

ಊರಿನ ಕ್ರಾಸು. ರಾತ್ರಿ ಹತ್ತಾಗಿತ್ತು. ನಾನು ಬ್ರೇಕು ಹಾಕಿದೆ. ಅವನು ಇಳಿದ. ಧನಪಾಲನನ್ನು ಕುರಿಚಿಗೆ ಬಿಡೋಕೆ ನಾನು ಕಾರು ತಿರುಗಿಸಿದೆ. ಇವತ್ತಿಗೂ ಆ ಬ್ರೇಕು ಹಾಕಿದ ಕಾಲನ್ನು ಕಡಿದು ಹಾಕೋಣ ಅನ್ನಿಸುತ್ತೆ.

ಅಲ್ಲಿಂದ ಮನೆಗೆ ಒಂದು ಮೈಲಿ. ಮಧ್ಯದಲ್ಲಿ ಆ ಬಾವಿ. ಕಲ್ಲು ಕಟ್ಟಿದ್ದು, ನೀರು ಬತ್ತಿ ವರ್ಷಗಳಾಗಿದೆ. ಮೋಟಾರು, ಪೈಪು ಎಲ್ಲ ಎತ್ತಿಕೊಂಡು ಹೋಗಿದ್ದಾರೆ. ಒಳಗೆ ಕಬ್ಬಿಣದ ಚೂರೂ ಇಲ್ಲ.

ಣಿಂಗ್ ಅಂದಿತು ಅಂದೆನಲ್ಲ... ಆಮೇಲೆ ಬಾವಿಯೊಳಗಿಂದ ಬಂತು. ಧಬ್. ಧಬ್. ಧಬ್. ಅಂಗೈಯಲ್ಲಿ ತಗಡು ಬಡಿಯೋ ಸದ್ದು. ಮೊದಲು ಜೋರಾಗಿ. ಆಮೇಲೆ ಮೆಲ್ಲಗೆ. ಆಮೇಲೆ ಉಗುರಲ್ಲಿ ಕೆರೆದ ಹಾಗೆ... ಕರ್ರ್... ಕರ್ರ್...

ನಿಂತಿತು. ಕಿವಿ ಪಕ್ಕದಲ್ಲೇ ಉಸಿರು.

"ಸುಬ್ಬಯ್ಯಾ..."

ನವನೀತನ್ ಸುಮ್ಮನೆ ಇರಬೇಕಿತ್ತು. ಬಾಯಿ ಬಿಟ್ಟ. "ಅಪ್ಪ ಇಲ್ಲ... ನಾನು ಮಗ."

"ಕರೆದದ್ದು ನೀನಾ?"

"ಹೂಂ."

"ಹಾಗಾದರೆ ನಡಿ. ಮನೆ ತೋರಿಸು."

ಅವನು ಓಡಿದ. ಜೇಬಲ್ಲಿ ಗ್ಲಾಸು ಹೆಜ್ಜೆಗೊಂದು ಸಲ ಣಿಂಗ್, ಣಿಂಗ್.

ಬಾಗಿಲಲ್ಲಿ ತಮಿಳ್‌ಸೆಲ್ವಿ ನಿಂತಿದ್ದಳು. "ಊದು" ಅಂದಳು. ಅವನು ಊದಿದ. ಅವಳು ಮುಖ ತಿರುಗಿಸಿ ಕಾರಿಕೊಂಡಳು. ಬೆಳಿಗ್ಗೆ ಮೊದಲ ಬಸ್ಸಿಗೆ ಮಗುವನ್ನು ಕರಕೊಂಡು ಕುರಿಚಿಗೆ, ಅಮ್ಮನ ಮನೆಗೆ ಹೋದಳು.

ನಾನು ಮಧ್ಯಾಹ್ನ ಬಂದೆ. ಅವನು ಹೊಸ್ತಿಲ ಮೇಲೆ ಕೂತಿದ್ದ. ಎರಡು ಸಲ ಹಲ್ಲುಜ್ಜಿದ್ದಾನೆ, ಮೂರು ಸಲ ಸ್ನಾನ ಮಾಡಿದ್ದಾನೆ, ಆದರೂ ನಾತ ಬೀದಿಗೆ ಹೊಡೆಯುತ್ತಿತ್ತು. ಗ್ಲಾಸನ್ನು ಅಲ್ಲೇ ಬಿಟ್ಟು ಬರೋಣ ಅಂತ ಇಬ್ಬರೂ ಬೈಕಲ್ಲಿ ಹೋದೆವು. ಗೇಟಲ್ಲಿ ಅದೇ ವಾಚ್‌ಮನ್. ಗ್ಲಾಸು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಯಾರ ಮಗ ನೀನು?"

"ಸುಬ್ಬಯ್ಯನ್ ಮಗ."

"ಒಳಗೆ ಏನಂತ ಕರೆದೆ?"

"ಬಾ... ಬಂದು ಕುಡಿ ಅಂತ."

ಮುದುಕ ಉಗುಳಿದ. "ನಿಮ್ಮಪ್ಪನೂ ಹಾಗೇ ಕರೆದ. ಟ್ಯಾಂಕು ತೊಳೆಯೋಕೆ ಇಳೀಬೇಕಾದವನು ಅವನು. ತಲೆನೋವು ಅಂತ ಇನ್ನೊಬ್ಬನ್ನ ಇಳಿಸಿದ. ಬಾ, ಇಳಿ, ಆಮೇಲೆ ಕುಡಿಸ್ತೀನಿ ಅಂತ. ಅವನು ಒಳಗಿನ ವಿಷಗಾಳಿಗೆ ಸಿಕ್ಕಿಕೊಂಡ. ಒಳಗಿಂದ ಬಡಿದ. ನಾವು ಕೇಳಿಸಿಕೊಂಡು ನಿಂತಿದ್ವಿ. ಇಳಿಯೋಕೆ ಯಾರಿಗೂ ಧೈರ್ಯ ಬರಲಿಲ್ಲ."

"ಅವನ ಹೆಸರೇನು ತಾತಾ?" ನಾನು ಕೇಳಿದೆ.

"ಹೇಳಲ್ಲ. ಗ್ಲಾಸೂ ಇಲ್ಲಿ ಬೇಡ. ಇಪ್ಪತ್ತಾರು ವರ್ಷ ನಮ್ಮ ಹತ್ತಿರ ಇದ್ದ. ಈಗ ನಿಮ್ಮ ಹತ್ತಿರ. ಹೋಗಿ!"

ಗೇಟು ಮುಖಕ್ಕೆ ಬಡಿದ.

ನವನೀತನಿಗೆ ಆಗ ಅಪ್ಪನೂ ಬೇಡ, ದೆವ್ವದ ಭಯವೂ ಬೇಡ. ಮಗಳು ಬೇಕು. ಸೀದಾ ಕುರಿಚಿಗೆ ಹೋದ. ಬೀದಿಯಲ್ಲಿ ನಿಂತು ಕೂಗಿದ. "ಸೆಲ್ವೀ! ಪೊಲೀಸಿನವರ ಮಿಷನ್‌ಗೆ ಊದ್ತೀನಿ, ನಿನ್ನ ಕಣ್ಣೆದುರಿಗೆ. ಕುಡಿದೆ ಅಂತ ಅದು ಹೇಳಿದರೆ ಇನ್ನೊಂದು ಸಲ ಈ ಬಾಗಿಲಿಗೆ ಬರಲ್ಲ!"

ಧನಪಾಲ್ ಹೊಡೆಯೋಕೆ ಬಂದ. ತಮಿಳ್‌ಸೆಲ್ವಿ ಅವನನ್ನು ತಡೆದು ಚಪ್ಪಲಿ ಮೆಟ್ಟಿಕೊಂಡಳು.

ಉಕ್ಕಡಂ ಬಸ್ ಸ್ಟ್ಯಾಂಡ್ ಪಕ್ಕ ಟ್ರಾಫಿಕ್‌ನವರು ಗಾಡಿ ಹಿಡಿಯುತ್ತಿದ್ದರು. ತಾನಾಗೇ ಬಂದು ಊದ್ತೀನಿ ಅನ್ನೋ ಗಿರಾಕಿಯನ್ನು ಆ ಪೊಲೀಸಪ್ಪ ನೋಡೇ ಇರಲಿಲ್ಲ. "ನಾತದಲ್ಲೇ ಗೊತ್ತಾಗ್ತದಲ್ಲಯ್ಯಾ" ಅಂತ ಕರ್ಚೀಫು ಮೂಗಿಗೆ ಹಿಡಿದು ಮಿಷನ್ ಕೊಟ್ಟ.

ನವನೀತನ್ ಊದಿದ. ಸೊನ್ನೆ.

ಪೊಲೀಸಪ್ಪ ಕೊಳವೆ ಬದಲಿಸಿದ. ಸೊನ್ನೆ. ಇನ್ನೊಂದು ಮಿಷನ್ ತರಿಸಿದ. ಸೊನ್ನೆ. ತಮಿಳ್‌ಸೆಲ್ವಿ ಮೂರನ್ನೂ ಬಗ್ಗಿ ನೋಡಿದಳು. ಪೊಲೀಸಪ್ಪನ ಮುಖದಲ್ಲಿ ನಗು ಹೋಗಿತ್ತು. "ಹೋಗ್ರೀ, ಹೋಗ್ರೀ ಇಲ್ಲಿಂದ" ಅಂದ.

ಅವಳು ಕೊಟ್ಟ ಮಾತು ತಪ್ಪುವವಳಲ್ಲ. ಅವನು ಕುಡಿದಿಲ್ಲ, ಹಾಗಾಗಿ ವಾಪಸ್ ಬರಬೇಕು. ಮಗುವನ್ನು ಕರಕೊಂಡು ಬಂದಳು. ಹೊಸ್ತಿಲು ದಾಟುವಾಗ ಒಂದೇ ಮಾತು ಆಡಿದಳು.

"ನೀನು ಕುಡಿದಿದ್ದರೇ ಚೆನ್ನಾಗಿತ್ತು."

ಗ್ಲಾಸನ್ನು ಆ ಒಣ ಬಾವಿಗೆ ಎಸೆದೆವು. ನಾತ ಒಂಬತ್ತನೇ ದಿನಕ್ಕೆ ಬಿಟ್ಟಿತು. ಪೂಜಾರಿ ಬಂದ, ನಿಂಬೆಹಣ್ಣು ಕೊಯ್ದ, ಎಲ್ಲ ಸರಿಹೋಯಿತು ಅಂದ. ನೀವೂ ಹಾಗೇ ಅಂದುಕೊಳ್ಳಿ, ನನಗೇನು.

ಹೋದ ತಿಂಗಳು ಅವರ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದೆ. ಇಲಕ್ಕಿಯಾ ಸ್ಕೂಲಿಗೆ ತಗೊಂಡು ಹೋಗೋ ನೀರಿನ ಬಾಟಲಿ, ಗುಲಾಬಿ ಬಣ್ಣದ್ದು. ಕಂಠದವರೆಗೆ ನಾನೇ ತುಂಬಿದೆ. ಮುಚ್ಚಳ ನಾನೇ ತಿರುಗಿಸಿದೆ, ಲಾರಿ ಚಕ್ರದ ನಟ್ಟು ಬಿಗಿಯೋ ಕೈ ಇದು. ನನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಮುಚ್ಚಳ ಹಾಗೇ ಇತ್ತು. ಹಾಸಿಗೆ ಒಣಗೇ ಇತ್ತು. ನೀರು ಎರಡು ಬೆರಳು ಕಮ್ಮಿ.

ಮಗು ಬಂದು ಬಾಟಲಿ ತಗೊಂಡಳು, ನೋಡಿದಳು, ಏನೂ ಕೇಳದೆ ಕೊಡದಿಂದ ಎರಡು ಬೆರಳು ತುಂಬಿಕೊಂಡು ಸ್ಕೂಲಿಗೆ ಹೋದಳು. ದಿನಾ ಹಾಗೇ ಮಾಡ್ತಾಳಂತೆ.

ನಾನು ಕಣ್ಣಾರೆ ಕಂಡದ್ದು.